ಅಪ್‌ಡೇಟ್: ಮಗಳ ಗಣಿತಕ್ಕೆ ಮೇಲಿನ ತರಗತಿ, ಶಾಲೆ ಒಪ್ಪಿತು

ಮೂರನೇ ತರಗತಿಯ ನನ್ನ ಮಗಳು ಗಣಿತದ ಪಾಠಗಳನ್ನೆಲ್ಲ ಮೊದಲೇ ಕಲಿತು ಸುಮ್ಮನೆ ಕೂರುತ್ತಿದ್ದಾಳೆ, ಶಾಲೆಯವರು ವಯಸ್ಸಿಗೆ ತಕ್ಕ ತರಗತಿಯೇ ಸರಿ ಎನ್ನುತ್ತಾರೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ಅವಳ ಜಾಣತನವನ್ನು ಹೊಗಳುವ ಬದಲು ಅವಳು ಮಾಡಿದ ಲೆಕ್ಕಗಳನ್ನೇ ಮುಂದಿಡಿ ಎಂದು ನಿಮ್ಮಲ್ಲಿ ಹಲವರು ಕೊಟ್ಟ ಸಲಹೆಯೇ ಕೊನೆಗೆ ಕೈಹಿಡಿಯಿತು.

ಎರಡನೇ ಭೇಟಿಗೆ ಅವಳ ನೋಟ್‌ಬುಕ್ ಒಯ್ದೆ. 3/4 ಮತ್ತು 5/7ರಲ್ಲಿ ಯಾವುದು ದೊಡ್ಡದು ಎಂಬ ಪ್ರಶ್ನೆಗೆ ಅವಳು ಛೇದಗಳನ್ನು ಸಮ ಮಾಡದೆ, ‘ಮೊದಲನೆಯದು ಒಂದಕ್ಕಿಂತ 2/8 ಕಡಿಮೆ, ಎರಡನೆಯದು 2/7 ಕಡಿಮೆ, ಆದ್ದರಿಂದ ಮೊದಲನೆಯದೇ ದೊಡ್ಡದು’ ಎಂದು ಬರೆದಿದ್ದಳು. ಶಿಕ್ಷಕಿ ಆ ಪುಟವನ್ನು ಎರಡು ಸಲ ಓದಿದರು. ತನ್ನದೇ ತರಗತಿಯ ಪತ್ರಿಕೆಯಲ್ಲಿ ಪೂರ್ಣ ಅಂಕ ಪಡೆಯುವ ಮಗು ಎಷ್ಟು ಮುಂದಿದೆ ಎಂಬುದು ಆ ಪತ್ರಿಕೆಯಿಂದ ತಿಳಿಯದು. ಮನಃಶಾಸ್ತ್ರಜ್ಞ ಜೂಲಿಯನ್ ಸ್ಟ್ಯಾನ್ಲಿಯವರು ಗಣಿತದಲ್ಲಿ ಬಹಳ ಮುಂದಿರುವ ಮಕ್ಕಳ ಬಗ್ಗೆ 1971ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಅಧ್ಯಯನವು ಮೇಲಿನ ಮಟ್ಟದ, ಅಂದರೆ ದೊಡ್ಡ ಮಕ್ಕಳಿಗಾಗಿ ಮಾಡಿದ ಪರೀಕ್ಷೆಯನ್ನು ಬಳಸಿದ್ದು ಇದಕ್ಕಾಗಿಯೇ ಎಂದು ನಾನು ಶಿಕ್ಷಕಿಗೆ ವಿವರಿಸಿದೆ.

ಶಿಕ್ಷಕಿ ಅವಳಿಗೆ ನಾಲ್ಕನೇ ತರಗತಿಯ ವರ್ಷಾಂತ್ಯದ ಪತ್ರಿಕೆ ಕೊಟ್ಟರು. ದೀರ್ಘ ಭಾಗಾಕಾರದ ಹಂತಗಳನ್ನು ಬರೆಯುವಲ್ಲಿ ಮಾತ್ರ ಮಗಳು ತಡವರಿಸಿದಳು. ಈ ಕೊರತೆ ನನಗೂ ತಿಳಿದಿರಲಿಲ್ಲ, ತಿಳಿದದ್ದು ಒಳ್ಳೆಯದೇ ಆಯಿತು. ಅದನ್ನು ಆರು ವಾರಗಳಲ್ಲಿ ಕಲಿತ ಮೇಲೆ, ಈಗ ಗಣಿತದ ಅವಧಿಗೆ ಮಾತ್ರ ಐದನೇ ತರಗತಿಗೆ ಹೋಗುತ್ತಾಳೆ, ಉಳಿದ ಪಾಠಗಳಿಗೆ ತನ್ನ ಗೆಳತಿಯರ ಜೊತೆಗೇ ಇರುತ್ತಾಳೆ. ಮುಂದಿನ ವರ್ಷ ಎರಡೂ ತರಗತಿಗಳ ವೇಳಾಪಟ್ಟಿ ಹೊಂದದಿದ್ದರೆ ಏನು ಎಂಬುದನ್ನು ಲಿಖಿತವಾಗಿ ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ನಿನ್ನೆ ಮೊದಲ ಬಾರಿಗೆ ಅವಳು ತನಗೆ ಬಾರದ ಲೆಕ್ಕವೊಂದನ್ನು ಮನೆಗೆ ತಂದಳು.