ಹಳೇ 24-70 ಕೊಟ್ಟು ಎರಡನೇ ವರ್ಷನ್ ತಗೊಳ್ಳಲಾ?

ಪ್ರಶ್ನೆ:
ಮೇಡಂ, ನಮಸ್ಕಾರ. ನಾನಿರೋದು ರಾಜಾಜಿನಗರದಲ್ಲಿ. ಐದು ವರ್ಷದಿಂದ ಮದುವೆ, ಗೃಹಪ್ರವೇಶ, ನಾಮಕರಣ ಶೂಟ್ ಮಾಡುತ್ತಿದ್ದೇನೆ. ಬಾಡಿ ಸೋನಿ ಎ7 ಮಾರ್ಕ್ 3. ಲೆನ್ಸ್ ಸೋನಿಯ ದುಬಾರಿ ಜಿ ಮಾಸ್ಟರ್ ಸರಣಿಯ ಮೊದಲ 24-70 ಎಂಎಂ ಜೂಮ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಜೊತೆಯವರೆಲ್ಲ ಎರಡನೇ ವರ್ಷನ್‌ಗೆ ಹೋಗಿದ್ದಾರೆ. ಹಳೆಯದನ್ನು ಮಾರಿದರೂ ಕೈಯಿಂದ ಹತ್ತಿರ ಹತ್ತಿರ ಒಂದು ಲಕ್ಷ ಹಾಕಬೇಕು. ಮಂಟಪದ ಫೋಟೋಗಳು ಸಾಫ್ಟ್, ಅಂದರೆ ಸ್ವಲ್ಪ ಮಸುಕಾಗಿ ಬರುತ್ತಿವೆ, ನಾಯ್ಸ್ (ಕಾಳುಕಾಳು ಚುಕ್ಕೆ) ಕೂಡ ಜಾಸ್ತಿ. ಈಗ ಆಷಾಢ, ಕೆಲಸ ಕಮ್ಮಿ. ಶ್ರಾವಣದ ಮದುವೆಗಳು ಶುರುವಾಗುವ ಮೊದಲು ತೀರ್ಮಾನ ಮಾಡಬೇಕು. ತಗೊಳ್ಳಲಾ?

ಉತ್ತರ:
ನಮಸ್ಕಾರ. ನನ್ನ ಹತ್ತಿರ ಎರಡೂ ಇದ್ದವು, ಎರಡರಲ್ಲೂ ಮದುವೆ ಶೂಟ್ ಮಾಡಿದ್ದೇನೆ. ಮೊದಲು ಒಂದು ಮಾತು. ಹಳೆಯದೂ ಎಫ್ 2.8, ಹೊಸದೂ ಎಫ್ 2.8, ಅಂದರೆ ಎರಡೂ ಒಳಗೆ ಬಿಡುವ ಬೆಳಕು ಒಂದೇ. ಛತ್ರದಲ್ಲಿ ಬೆಳಕು ಸಾಲದೆ ನಾಯ್ಸ್ ಬರುತ್ತಿದ್ದರೆ ಹೊಸ ಲೆನ್ಸಿನಲ್ಲೂ ಅಷ್ಟೇ ಬರುತ್ತದೆ. ಒಂದು ಲಕ್ಷ ಹಾಕಿದ ಮೇಲೆ ಇದು ಗೊತ್ತಾಗಬಾರದು, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಹೊಸದರಲ್ಲಿ ನಿಜವಾಗಿ ಬದಲಾಗಿರುವುದು ಏನು? ಮೊದಲನೆಯದು 2016ರದ್ದು, ಎರಡನೆಯದು 2022ರದ್ದು. ತೂಕ 886 ಗ್ರಾಂನಿಂದ 695ಕ್ಕೆ ಇಳಿದಿದೆ. ಫೋಕಸ್ ಮೋಟರ್‌ಗಳು ಹೊಸವು, ಚುರುಕಾಗಿವೆ. ಬೆಳಕಿನ ಕಿಂಡಿಯನ್ನು ಲೆನ್ಸಿನ ಮೇಲೇ ತಿರುಗಿಸಿ ಹೊಂದಿಸುವ ಅಪರ್ಚರ್ ರಿಂಗ್ ಬಂದಿದೆ. ವಿಡಿಯೋದಲ್ಲಿ ಫೋಕಸ್ ಬದಲಾಯಿಸುವಾಗ ಫ್ರೇಮ್ ಹಿಗ್ಗಿ ಕುಗ್ಗುವುದು ಕಡಿಮೆಯಾಗಿದೆ. ನನಗೆ ತುಂಬಾ ಇಷ್ಟವಾದದ್ದು ಹತ್ತಿರದ ಫೋಕಸ್. ಹಳೆಯದಕ್ಕೆ 38 ಸೆಂಟಿಮೀಟರ್ ಬೇಕು. ಹೊಸದು 70ರಲ್ಲಿ 30, 24ರಲ್ಲಿ 21 ಸೆಂಟಿಮೀಟರ್‌ಗೇ ಫೋಕಸ್ ಆಗುತ್ತದೆ. ಈ ಅಳತೆ ಸೆನ್ಸರ್‌ನಿಂದ, ಲೆನ್ಸಿನ ಮೂತಿಯಿಂದಲ್ಲ. ಕಾಲುಂಗುರ, ಮಾಂಗಲ್ಯ, ಮೆಹಂದಿ ಕೈ, ಇವಕ್ಕೆಲ್ಲ ಬೇರೆ ಮ್ಯಾಕ್ರೋ ಲೆನ್ಸ್ ಹಾಕುವುದನ್ನೇ ನಾನು ಬಿಟ್ಟಿದ್ದೇನೆ.

ಆದರೆ ನಿಮ್ಮ ದೂರು ಇವ್ಯಾವುದೂ ಅಲ್ಲ, ಅಲ್ವಾ? ಸಾಫ್ಟ್ ಅನ್ನುತ್ತಿದ್ದೀರಿ. ಹಾಗಾದರೆ ಒಂದು ಕೆಲಸ ಮಾಡಿ. ಕಳೆದ ಮೂರು ಮದುವೆಗಳಲ್ಲಿ ನೀವು ಆಲ್ಬಮ್‌ಗೆ ಬೇಡ ಎಂದು ತೆಗೆದುಹಾಕಿದ ಮಂಟಪದ ಫೋಟೋಗಳನ್ನು ತೆರೆಯಿರಿ. ನೂರು ಪರ್ಸೆಂಟ್ ಜೂಮ್ ಮಾಡಿ, ಯಾಕೆ ಹಾಳಾಯಿತು ಅಂತ ಒಂದೊಂದರ ಮುಂದೆ ಬರೆಯಿರಿ. ಕೈ ಅಲ್ಲಾಡಿತಾ? ಫೋಕಸ್ ಬೇರೆ ಕಡೆ ಹೋಯಿತಾ? ಮೂಲೆ ಮಾತ್ರ ಮಸುಕಾ? ಶಟರ್ ಸ್ಪೀಡ್ ಎಷ್ಟಿತ್ತು? ಇದಕ್ಕೆ ಒಂದು ಸಂಜೆ ಸಾಕು.

ಆಮೇಲೆ ಲೆನ್ಸನ್ನೂ ಪರೀಕ್ಷೆ ಮಾಡಿ. ಪ್ಲಾಸ್ಟರ್ ಆಗದ ಇಟ್ಟಿಗೆ ಗೋಡೆ ಹುಡುಕಿ. ಹೊಸ ಮನೆ ಕಟ್ಟುತ್ತಿರುವ ಬೀದಿ ನಮ್ಮ ಊರಲ್ಲಿ ಎಲ್ಲಿಲ್ಲ! ಟ್ರೈಪಾಡ್ ಇಡಿ, ಸ್ಟೆಡಿಶಾಟ್ (ಅಲುಗಾಟ ತಡೆಯುವ ಸೆಟ್ಟಿಂಗ್) ಆಫ್ ಮಾಡಿ, ಎರಡು ಸೆಕೆಂಡ್ ಟೈಮರ್ ಹಾಕಿ, 24ರಲ್ಲಿ ಎಫ್ 2.8 ಇಟ್ಟು ತೆಗೆಯಿರಿ. ನಾಲ್ಕು ಮೂಲೆಗಳನ್ನು ಹೋಲಿಸಿ. ನಂತರ ಕ್ಯಾಮೆರಾವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿ ಇನ್ನೊಂದು. ಫ್ರೇಮಿನ ಅದೇ ಮೂಲೆ ಮತ್ತೆ ಮಸುಕಾದರೆ ತೊಂದರೆ ಲೆನ್ಸಿನದು. ಗೋಡೆಯ ಅದೇ ಕಡೆ ಮಸುಕಾದರೆ ಕ್ಯಾಮೆರಾ ಗೋಡೆಗೆ ನೇರವಾಗಿರಲಿಲ್ಲ ಅಷ್ಟೇ. ಯುವಿ ಫಿಲ್ಟರ್ ಇದ್ದರೆ ಹಾಕಿ ಒಮ್ಮೆ, ತೆಗೆದು ಒಮ್ಮೆ. ನಾನು ಒಂದು ಸೀಸನ್ ಪೂರ್ತಿ ಲೆನ್ಸನ್ನು ಬೈದುಕೊಂಡೆ. ಕೊನೆಗೆ ನೋಡಿದರೆ ಅಗ್ಗದ ಫಿಲ್ಟರ್‌ನದೇ ತಪ್ಪು. ಆ ಮದುವೆಗಳ ಫೋಟೋ ನೆನೆದರೆ ಈಗಲೂ ಬೇಜಾರಾಗುತ್ತದೆ.

ಇನ್ನೊಬ್ಬ ಸದಸ್ಯೆ:
ಮಧ್ಯೆ ಕೇಳುತ್ತಿದ್ದೇನೆ ಮೇಡಂ. ನನ್ನ ಬಳಿಯೂ ಹಳೆಯ ವರ್ಷನ್ ಇದೆ. ಪುಟ್ಟ ಮಕ್ಕಳ ಫೋಟೋ ಮತ್ತು ವಿಡಿಯೋ ಮಾಡುತ್ತೇನೆ. ಮಣಿಕಟ್ಟು ನೋವು ಶುರುವಾಗಿದೆ, ಡಾಕ್ಟರ್ ಭಾರ ಕಮ್ಮಿ ಮಾಡಿ ಅಂದಿದ್ದಾರೆ.

ಉತ್ತರ:
ನೀವು ತೆಗೆದುಕೊಳ್ಳಿ. ಸುಮ್ನೆ ಮುಂದೂಡಬೇಡಿ. 191 ಗ್ರಾಂ ಕೇಳೋಕೆ ಸಣ್ಣದು. ಆದರೆ ಅದು ಕ್ಯಾಮೆರಾದ ಮುಂಭಾಗದಲ್ಲಿ ಜಗ್ಗುವ ಭಾರ, ಮಣಿಕಟ್ಟಿಗೆ ಬೇಗ ಗೊತ್ತಾಗುತ್ತದೆ. ಮಗುವಿನ ಬೆರಳು, ಪಾದ ತೆಗೆಯೋಕೆ ಹತ್ತಿರದ ಫೋಕಸ್ಸೂ ಸಿಗುತ್ತದೆ, ವಿಡಿಯೋಗೂ ಅನುಕೂಲ. ಎರಡಕ್ಕೂ ಫಿಲ್ಟರ್ ಸೈಜ್ 82 ಮಿಲಿಮೀಟರ್, ಹಳೆಯವೇ ಆಗುತ್ತವೆ. ಜಿಎಸ್‌ಟಿ ನೋಂದಣಿ ಇದ್ದರೆ ನಿಮ್ಮ ನಂಬರ್ ಹಾಕಿದ ಬಿಲ್ ಕೇಳಿ, ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು.

ಮೊದಲು ಕೇಳಿದವರು, ಒಂದು ವಾರದ ನಂತರ:
ಮೇಡಂ, ನೀವು ಹೇಳಿದ ಹಾಗೇ ಮಾಡಿದೆ. ಒಟ್ಟು 60 ಫೋಟೋ ನೋಡಿದೆ. 38ರಲ್ಲಿ ಫೋಟೋದಲ್ಲಿರುವವರ ಕೈ, ತಲೆ ಅಲ್ಲಾಡಿದ ಮಸುಕು, ಶಟರ್ ಸ್ಪೀಡ್ ಎಲ್ಲದರಲ್ಲೂ 1/60 ಅಥವಾ 1/80 ಸೆಕೆಂಡ್. ಗಟ್ಟಿಮೇಳದ ಹೊತ್ತಿನವೇ ಜಾಸ್ತಿ. 14ರಲ್ಲಿ ಫೋಕಸ್ ಹೂವಿನ ಹಾರದ ಮೇಲೆ ಕೂತಿದೆ. ಉಳಿದ 8ರಲ್ಲಿ ಬಲಗಡೆ ಮೇಲಿನ ಮೂಲೆ ಮಸುಕು. ಇಟ್ಟಿಗೆ ಗೋಡೆಯಲ್ಲೂ, ಕ್ಯಾಮೆರಾ ತಿರುಗಿಸಿದರೂ, ಫಿಲ್ಟರ್ ತೆಗೆದರೂ ಅದೇ ಮೂಲೆ.

ಉತ್ತರ:
ಇಷ್ಟು ಶ್ರದ್ಧೆಯಿಂದ ಮಾಡಿದ್ದೀರಲ್ಲ, ಖುಷಿಯಾಯಿತು. ಹಾಗಾದರೆ ಈಗ ಎರಡನೇ ವರ್ಷನ್ ಬೇಡ.

ಆ 38ಕ್ಕೆ ಬೇಕಾಗಿರುವುದು ಬೆಳಕು. ಸೋನಿಯ 35 ಎಂಎಂ ಎಫ್ 1.8 ನೋಡಿ, 280 ಗ್ರಾಂ, ಜಿ ಮಾಸ್ಟರ್‌ಗೆ ಹೋಲಿಸಿದರೆ ಬೆಲೆ ತುಂಬಾ ಕಮ್ಮಿ. ಎಫ್ 2.8ಗಿಂತ ಸುಮಾರು 2.4 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅದೇ ಐಎಸ್‌ಒನಲ್ಲಿ (ಸೆನ್ಸರ್‌ನ ಬೆಳಕಿನ ಸಂವೇದನೆಯ ಸೆಟ್ಟಿಂಗ್) 1/80 ಇದ್ದದ್ದು 1/200ರ ಹತ್ತಿರ ಹೋಗುತ್ತದೆ. ತಾಳಿ ಕಟ್ಟುವ ಕೈ ಅಲ್ಲಿಗೆ ನಿಲ್ಲುತ್ತದೆ. ಒಂದು ಎಚ್ಚರ ಇರಲಿ. 1.8ರಲ್ಲಿ ತುಂಬಾ ಹತ್ತಿರ ಹೋದರೆ ವರನ ಕಣ್ಣು ಶಾರ್ಪ್, ವಧುವಿನ ಕಣ್ಣು ಮಸುಕು ಆಗಬಹುದು. ಇಬ್ಬರೂ ಇದ್ದಾಗ ಎರಡು ಹೆಜ್ಜೆ ಹಿಂದೆ ಸರಿಯಿರಿ.

ಆ 14ಕ್ಕೆ ಕ್ಯಾಮೆರಾ ಸೆಟ್ಟಿಂಗ್ ಸಾಕಾಗಬಹುದು. ಮೆನುವಿನಲ್ಲಿ ಫರ್ಮ್‌ವೇರ್ (ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್) ವರ್ಷನ್ ನೋಡಿ. 2019ರಲ್ಲಿ ಬಂದ 3.0ಗಿಂತ ಹಳೆಯದಾದರೆ ತಕ್ಷಣ ಅಪ್‌ಡೇಟ್ ಮಾಡಿ. ಶಟರ್ ಅರ್ಧ ಒತ್ತಿದರೇ ಕಣ್ಣು ಹಿಡಿಯುವುದು ಆ ಅಪ್‌ಡೇಟ್‌ನಿಂದಲೇ ಬಂದದ್ದು. ಅದಕ್ಕೂ ಮೊದಲು ಬೇರೆ ಬಟನ್ ಒತ್ತಿ ಹಿಡಿಯಬೇಕಿತ್ತು.

ಮೂಲೆಯದು ಒಳಗಿನ ಗಾಜು ಸರಿದಿರುವ ಲಕ್ಷಣ. ಸೆಕೆಂಡ್ ಹ್ಯಾಂಡ್ ಅಂದಿರಿ, ಹಿಂದೆ ಎಲ್ಲೋ ಬಿದ್ದಿರಬಹುದು. ಇಟ್ಟಿಗೆ ಗೋಡೆಯ ಫೋಟೋಗಳನ್ನು ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡು ಸರ್ವಿಸ್ ಸೆಂಟರ್‌ಗೆ ಹೋಗಿ. ಬಾಯಿಮಾತಲ್ಲಿ ಸಾಫ್ಟ್ ಅಂದರೆ ಪಟ್ಟನೆ ಒಪ್ಪುವುದಿಲ್ಲ, ಫೋಟೋ ತೋರಿಸಿದರೆ ಕೆಲಸ ಬೇಗ ಆಗುತ್ತದೆ. ರಿಪೇರಿಗೆ ಎಷ್ಟಾಗುತ್ತದೆ ಅಂತ ಬರೆಸಿಕೊಂಡು ಇಲ್ಲಿ ಹಾಕಿ. ಅದು ತೀರಾ ದೊಡ್ಡ ಮೊತ್ತವಾದರೆ ಮಾತ್ರ ಎರಡನೇ ವರ್ಷನ್ ವಿಷಯ ಮತ್ತೆ ತೆಗೆಯೋಣ. ಆಗಲೂ ಕೊಳ್ಳುವ ಮೊದಲು ಒಂದು ಮದುವೆಗೆ ಬಾಡಿಗೆಗೆ ತನ್ನಿ, ಎರಡು ದಿನ ನಿಮ್ಮ ಕೈಯಲ್ಲೇ ಇರಲಿ.

ಮೊದಲು ಕೇಳಿದವರು:
ಫರ್ಮ್‌ವೇರ್ ನೋಡಿದೆ ಮೇಡಂ, 2.10 ಇದೆ! ಇವತ್ತೇ ಅಪ್‌ಡೇಟ್ ಮಾಡುತ್ತೇನೆ. ಲೆನ್ಸ್ ಸೋಮವಾರ ಸರ್ವಿಸ್‌ಗೆ ಕೊಡುತ್ತೇನೆ.

ಉತ್ತರ:
ಬ್ಯಾಟರಿ ಫುಲ್ ಚಾರ್ಜ್ ಮಾಡಿಕೊಂಡು ಅಪ್‌ಡೇಟ್ ಶುರು ಮಾಡಿ. ಮುಗಿಯುವವರೆಗೆ ಕಂಪ್ಯೂಟರ್‌ಗೆ ಜೋಡಿಸಿದ ಕೇಬಲ್ ಮುಟ್ಟಬೇಡಿ.