ಸಹಾಯ ಬೇಕು: ಅಮ್ಮನ ಪಿಎಫ್ ಪೆನ್ಷನ್ 58ಕ್ಕೇ ತಗೋಬೇಕಾ, 60ರ ತನಕ ಕಾಯ್ಬೇಕಾ?

ಎಲ್ರಿಗೂ ನಮಸ್ಕಾರ. ನಮ್ಮಮ್ಮ 22 ವರ್ಷದಿಂದ ಗಾರ್ಮೆಂಟ್ಸ್‌ಗೆ ಹೋಗ್ತಿದಾರೆ, ಮುಂದಿನ ತಿಂಗಳು 58 ತುಂಬುತ್ತೆ. ಫ್ಯಾಕ್ಟ್ರೀಲಿ ರಿಟೈರ್ಮೆಂಟ್ 60ಕ್ಕೆ, ಆದ್ರೆ ಇಪಿಎಸ್ (ಪಿಎಫ್ ಜೊತೆ ಬರೋ ಪೆನ್ಷನ್ ಸ್ಕೀಮ್) ಪೆನ್ಷನ್ 58ಕ್ಕೇ ಶುರು. ಈಗ ತಗೊಳ್ದೆ 60ರ ತನಕ ಮುಂದಕ್ಕೆ ಹಾಕಿದ್ರೆ ವರ್ಷಕ್ಕೆ 4% ಜಾಸ್ತಿ ಕೊಡ್ತಾರೆ.

ನಾನೇ ಕೂತು ಇಪಿಎಸ್ ಸೂತ್ರದ ಪ್ರಕಾರ ಲೆಕ್ಕ ಹಾಕ್ದೆ. ಸರಾಸರಿ ಸಂಬಳ 12,000, ಸರ್ವಿಸ್ 20 ದಾಟಿರೋದಕ್ಕೆ ಕೊಡೋ 2 ವರ್ಷ ಸೇರಿ 24, ಗುಣಿಸಿ 70ರಿಂದ ಭಾಗಿಸಿದ್ರೆ ತಿಂಗಳಿಗೆ ಹತ್ರತ್ರ 4,100, ಎರಡು ವರ್ಷ ಕಾದ್ರೆ ಜಾಸ್ತಿ ಆಗೋದು ಬರೀ 330 ಚಿಲ್ರೆ, ಕೈಬಿಟ್ಟು ಹೋಗೋದು 98 ಸಾವಿರ, ಅದು ವಾಪಸ್ ಹುಟ್ಟೋಕೆ 24 ವರ್ಷ ಬೇಕು! ಮೆಷಿನ್ ಪೆಡಲ್ ತುಳಿದೂ ತುಳಿದೂ ಬಲಗಾಲು ಊದಿರುತ್ತೆ, ದಿನಾ ರಾತ್ರಿ ಮಂಡಿಗೆ ಎಣ್ಣೆ ಹಚ್ಕೊಂಡು ಕೂರ್ತಾರೆ, ಅವ್ರಿಗೆ ಇನ್ನೂ ಕಾಯಿ ಅಂತ ಹೇಳೋಕೆ ನನಗೆ ಮನಸ್ಸಿಲ್ಲ.

ಆದ್ರೆ ಆ ಎರಡು ವರ್ಷ ಪೆನ್ಷನ್ ಕಂತೂ ಕಟ್ಟಿದ್ರೆ ಸರ್ವಿಸ್ ಸೇರಿ ಲೆಕ್ಕ ಬೇರೆ ಆಗುತ್ತೆ. ಯಾರಾದ್ರೂ ಹಾಗೆ ಮಾಡ್ಸಿದೀರಾ? ಕೆಲಸದಲ್ಲಿ ಇದ್ಕೊಂಡೇ 10ಡಿ ಫಾರಂ (ಪೆನ್ಷನ್ ಅರ್ಜಿ) ಹಾಕಿದೋರು ಇದ್ರೆ ಏನೇನು ಕಾಗದ ಕೇಳಿದ್ರು ಅಂತ ದಯವಿಟ್ಟು ತಿಳಿಸಿ, ಇನ್ನು ಮೂರೇ ವಾರ ಇರೋದು.