ಟ್ಯಾಪ್ ಡಾನ್ಸ್: ಶಫಲ್‌ನಾಗ ಒಂದೇ ಸಪ್ಪಳ, ಯಾಕ್ರಿ?

ಬೂಟಿನ ತಳಕ್ಕ ಲೋಹದ ತಗಡು ಹಾಕ್ಕೊಂಡು ಕಾಲಿಂದಲೇ ತಾಳದ ಸಪ್ಪಳ ಮಾಡೋ ಟ್ಯಾಪ್ ಡಾನ್ಸ್ ಕಲಿಯಾಕತ್ತೀನ್ರಿ. ಕಲಬುರಗಿ ಮನ್ಯಾಗ ಶಹಾಬಾದ್ ಫರಸಿ ಮ್ಯಾಲ ಪ್ರಾಕ್ಟೀಸು. ಶಫಲ್ ಅನ್ನೋ ಹೆಜ್ಜಿಗೆ 2 ಸಪ್ಪಳ ಬರಬೇಕು, ಒಂದೇ ಬರ್ತದ. ಫ್ಲ್ಯಾಪ್ ಅನ್ನೋ ಹೆಜ್ಜಿಗೂ ಇದಕ್ಕೂ ಫರಕ್ ಏನ್ರಿ?

ಉತ್ತರ 1:
ಪಾದದ ಕೀಲು ಬಿಗಿ ಹಿಡಿದ್ರ ಹಂಗೇ ಆಗ್ತದ್ರಿ. ಮೊಣಕಾಲು ಸಡಿಲ ಬಿಟ್ಟು ಮುಂಗಾಲಿಂದ ನೆಲ ಸವರ್ರಿ: ಮುಂದ ಒಂದು, ಹಿಂದ ಒಂದು. ದೂರ ಚಾಚಬ್ಯಾಡ್ರಿ, ಗೇಣುದ್ದ ಭಾಳಾಯ್ತು. ಶಫಲ್‌ನಾಗ ಭಾರ ನಿಂತ ಕಾಲ ಮ್ಯಾಲೇ ಇರ್ತದ. ಫ್ಲ್ಯಾಪ್‌ನಾಗ ಮುಂದ ಸವರಿದ ಕಾಲಿನ ಮ್ಯಾಲೇ ಭಾರ ಹಾಕಬೇಕು, ಅಷ್ಟೇ ಫರಕ್.

ಉತ್ತರ 2:
ಮೊದಲು ಫರಸಿ ಬಿಡ್ರಿ! ಕಲ್ಲು ಪೆಟ್ಟು ನುಂಗಲ್ಲ, ಮೊಣಕಾಲಿಗೇ ವಾಪಸ್ ಬರ್ತದ. ಪ್ಲೈವುಡ್ ಹಲಗಿ, ಕೆಳಗ ರಬ್ಬರ್ ಮ್ಯಾಟ್ ಹಾಕ್ರಿ. ಬೂಟಿನ ತಗಡಿನ ಸ್ಕ್ರೂ ಹೊರಗ ಬಂದಿದ್ರ ಬಿಗಿಯಾಗಿ ತಿರುವ್ರಿ, ಇಲ್ಲಾಂದ್ರ ಹಲಗಿ ಗೀರ್ತದ.

ಉತ್ತರ 3:
ಶಫಲ್ ಬಂದ ಆಮ್ಯಾಲ ಬಾಲ್ ಚೇಂಜ್ ಅನ್ನೋ ಹೆಜ್ಜಿ ಕಲೀರಿ: ಭಾರ ಹಿಂದಿನ ಪಾದದ ಮುಂಭಾಗಕ್ಕ, ತಟ್ಟನೆ ಮುಂದಿನ ಕಾಲಿಗೆ. ಇದರ ಮುಂದ ಶಫಲ್ ಜೋಡಿಸಿದ್ರ ಒಟ್ಟು 4 ಸಪ್ಪಳ. ‘ಅಂಡ್-ಒನ್-ಅಂಡ್-ಟು’ ಅಂತ ಬಾಯಾಗ ಎಣಿಸ್ರಿ.